ಉಳುಕು ಅಂತ ಎಣ್ಣೆ ಹಚ್ಚುವ ಮುಂಚೆ

ಬಾದಾಮಿ ಮಾವಿನ ಕೊಯ್ಲು ನಡೆಯುತ್ತಿತ್ತು. ಆ ಹೊತ್ತಲ್ಲಿ ನಮ್ಮ ಶ್ರೀನಿವಾಸಪುರದ ಕಡೆ ಯಾರಿಗೂ ಪುರುಸೊತ್ತಿಲ್ಲ. ನಾಲ್ಕು ವರ್ಷದ ಮಗ ಕ್ರೇಟ್ ಮೇಲಿಂದ ಜಾರಿ ಬಿದ್ದ, ಎದ್ದು ಮತ್ತೆ ಆಡಿಕೊಂಡ. ಮೂರನೇ ದಿನ ಕಾಲು ಊರಲೇ ಇಲ್ಲ. ಮೈ ಸುಡುತ್ತಿತ್ತು. ಅಮ್ಮ ಉಳುಕು ಅಂದರು, ನಾನೂ ಹೂಂ ಅಂದು ಎಣ್ಣೆ ಬಿಸಿ ಮಾಡಿದೆ. ಹೀಗೇ ಎರಡು ದಿನ ಹೋಯಿತು. ಅದು ಮೊಣಕಾಲಿನ ಹತ್ತಿರ ಮೂಳೆಯೊಳಗೆ ಆಗಿದ್ದ ಸೋಂಕು.

ಉಳುಕಿಗೆ ಜ್ವರ ಬರುವುದಿಲ್ಲ. ಜ್ವರವೂ ಇದೆ, ಮಗು ಕಾಲೂ ಊರುತ್ತಿಲ್ಲ ಅಥವಾ ಕೈ ಎತ್ತುತ್ತಿಲ್ಲ ಅಂದರೆ ಅವತ್ತೇ ಹೊರಡಿ, ರಾತ್ರಿಯಾಗಿದ್ದರೂ ಸರಿ. ಇಂಥ ಸೋಂಕು ಕೀಲಿಗೂ ಆಗಬಹುದು. ಕೀಲಿನಲ್ಲಿ, ಅದರಲ್ಲೂ ತೊಡೆಯ ಬುಡದ ಕೀಲಿನಲ್ಲಿ ಕೀವು ನಿಂತರೆ ಕೆಲವೇ ದಿನಕ್ಕೆ ಮೃದು ಎಲುಬು ಹಾಳಾಗುತ್ತದೆ.

ಅನುಮಾನ ಇದ್ದರೆ ಇಷ್ಟದ ಆಟಿಕೆಯನ್ನು ದೂರ ಇಟ್ಟು ಕರೆಯಿರಿ, ಹೇಗೆ ಬರುತ್ತದೆ ನೋಡಿ. ಹಸುಗೂಸಾದರೆ ಲಂಗೋಟಿ ಬದಲಿಸುವಾಗ ಗಮನಿಸಿ: ಕಿರುಚುತ್ತದಾ, ಒಂದೇ ಕಾಲು ಒದೆಯುತ್ತದಾ? ಅಷ್ಟು ಚಿಕ್ಕ ಮಕ್ಕಳಿಗೆ ಜ್ವರ ಇಲ್ಲದೆಯೂ ಇರಬಹುದು.

ಉಜ್ಜಬೇಡಿ, ಕಟ್ಟು ಹಾಕಿಸಬೇಡಿ. ಹಿಂದೆ ಉಳಿದ ಆ್ಯಂಟಿಬಯೋಟಿಕ್ ಸಿರಪ್ ಅಂತೂ ಕುಡಿಸಲೇಬೇಡಿ. ಕುಡಿಸಿದರೆ ರಕ್ತದ ಕಲ್ಚರ್‌ನಲ್ಲಿ ಯಾವ ಕ್ರಿಮಿ ಅಂತ ಸಿಗದೇ ಹೋಗಬಹುದು. ಕೊನೆಗೆ ಎಷ್ಟು ಹೊತ್ತಿಗೆ ತಿಂದಿತು ಅಂತ ನೆನಪಿಡಿ. ಆಪರೇಷನ್ ಬೇಕಾದರೆ ಕೇಳುತ್ತಾರೆ.

ಮೊದಲು ಹೋದ ಕಡೆ ಎಕ್ಸ್‌ರೇ ನೋಡಿ, ಏನೂ ಇಲ್ಲ ಅಂತ ನಮ್ಮನ್ನು ವಾಪಸ್ ಕಳಿಸಿದ್ದರು. ಆಮೇಲೆ ಗೊತ್ತಾಗಿದ್ದು: ಶುರುವಿನ ಒಂದೆರಡು ವಾರ ಮೂಳೆಯ ಸೋಂಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಹಾಗಾಗಿ ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದೆಯಾ ಅಂತ ನೋಡುವ ರಕ್ತಪರೀಕ್ಷೆ), ರಕ್ತದ ಕಲ್ಚರ್ ಬೇಕಾ, ಕೀಲಿಗೆ ಸ್ಕ್ಯಾನಿಂಗ್ ಮಾಡಿಸಬೇಕಾ ಅಂತ ಬಾಯಿಬಿಟ್ಟು ಕೇಳಿ. ನಮಗೆ ಕೊನೆಗೆ ಎಂಆರ್‌ಐನಲ್ಲಿ ಕಂಡಿತು.

ಕ್ರಿಮಿ ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್. ರಕ್ತದ ಮೂಲಕವೇ ಮೂಳೆಗೆ ಸೇರುತ್ತದೆ, ಗಾಯವೇ ಆಗಬೇಕಂತಿಲ್ಲ. ನಾವು ಸುಮ್ನೆ ಕ್ರೇಟನ್ನು ಬೈದಿದ್ದೆವು!

ಕೆಲವು ದಿನ ನರಕ್ಕೆ ಆ್ಯಂಟಿಬಯೋಟಿಕ್ ಇಂಜೆಕ್ಷನ್, ಆಮೇಲೆ ಬಾಯಿಗೆ ಔಷಧಿ. ಸಾಮಾನ್ಯವಾಗಿ ಒಟ್ಟು 3–4 ವಾರ, ಕೆಲವರಿಗೆ ಜಾಸ್ತಿ. ಕೀಲಿನಲ್ಲಿ ಕೀವಿದ್ದರೆ ತೊಳೆದು ತೆಗೆಯುತ್ತಾರೆ.

ಕಷ್ಟ ಇರುವುದು ಮನೆಗೆ ಬಂದ ಮೇಲೆ. ಎರಡನೇ ವಾರಕ್ಕೇ ಮಗ ತೋಟದಲ್ಲಿ ಓಡಾಡತೊಡಗಿದ. "ಸಾಕು ಬಿಡೋ, ಇನ್ನೆಷ್ಟು ಔಷಧಿ" ಅಂದರು ಅಮ್ಮ. ನಾನು ಫೋನಿನಲ್ಲಿ ಅಲಾರಂ ಇಟ್ಟು, ಹೊತ್ತು ತಪ್ಪದೆ ಕುಡಿಸಿದೆ. ಕೊನೆಯ ಬಾಟಲಿ ಮುಗಿಯುವಷ್ಟರಲ್ಲಿ ನೀಲಂ ಮಾವಿನ ಕಾಯಿ ಇಳಿಸಲು ಶುರುವಾಗಿತ್ತು.