ವಿಧಾನಸಭೆಯ ಬಲಾಬಲ: ನಿಮ್ಮದೇ ಒಂದು ಲೆಕ್ಕದ ಪುಸ್ತಕ

ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4. ತುಮಕೂರಿನಲ್ಲಿ ನನ್ನ ಹತ್ತಿರ ಸಂಜೆ ಪಾಠಕ್ಕೆ ಬರುವ ಕೆಎಎಸ್, ಪಿಡಿಒ ಹುಡುಗರು ಇದನ್ನು ಮಗ್ಗಿ ಥರ ಒಪ್ಪಿಸುತ್ತಾರೆ. ಸರಿ, ಆದರೆ ಅದು 2023ರ ಮೇ 13ರ, ಅಂದರೆ ಚುನಾವಣಾ ಫಲಿತಾಂಶ ಬಂದ ದಿನದ ಲೆಕ್ಕ. ಆಮೇಲೆ ಯಾರು ತೀರಿಕೊಂಡರು, ಯಾರು ಸಂಸದರಾದರು, ಯಾರನ್ನು ಪಕ್ಷ ಹೊರಗೆ ಹಾಕಿತು? ಅದಕ್ಕೆ ಬಾಯಿಪಾಠ ಸಾಲದು. ಪುಸ್ತಕ ಇಡಬೇಕು.

ಉದ್ದನೆಯ ನೋಟ್‌ಬುಕ್ ಒಂದು ತಗೊಳ್ಳಿ. ಜಿಲ್ಲೆಗೊಂದು ಪುಟ. ಬೆಂಗಳೂರಿಗೆ ಮಾತ್ರ ಎರಡು ಬೇಕಾಗುತ್ತದೆ. ಕ್ಷೇತ್ರಗಳನ್ನು ಚುನಾವಣಾ ಆಯೋಗದ ಸಂಖ್ಯೆ ಪ್ರಕಾರವೇ ಬರೆಯಿರಿ. 1 ನಿಪ್ಪಾಣಿ, 224 ಗುಂಡ್ಲುಪೇಟೆ. ನಮ್ಮ ಜಿಲ್ಲೆ 128ನೇ ಚಿಕ್ಕನಾಯಕನಹಳ್ಳಿಯಿಂದ 138ನೇ ಮಧುಗಿರಿವರೆಗೆ, ಒಟ್ಟು ಹನ್ನೊಂದು. ಒಂದು ಬಿಟ್ಟುಹೋದರೂ ಸಂಖ್ಯೆಯೇ ಹಿಡಿದುಕೊಡುತ್ತದೆ. ಮೀಸಲು ಕ್ಷೇತ್ರದ ಪಕ್ಕ ಒಂದು ಗುರುತು ಹಾಕಿ. ನಮ್ಮಲ್ಲಿ ಕೊರಟಗೆರೆ, ಪಾವಗಡ. ರಾಜ್ಯಕ್ಕೆ ಎಸ್‌ಸಿ 36, ಎಸ್‌ಟಿ 15 ಬರಬೇಕು.

ಸಂಖ್ಯೆ, ಕ್ಷೇತ್ರ, ಶಾಸಕರು, ಗೆದ್ದ ಪಕ್ಷ, ಈಗಿನ ಸ್ಥಿತಿ ಅಂತ ಐದು ಕಲಂ ಎಳೆಯಿರಿ. ಮೊದಲ ನಾಲ್ಕನ್ನು ಪೆನ್ನಿನಲ್ಲಿ ಬರೆಯಿರಿ, ಕೊನೆಯದನ್ನು ಪೆನ್ಸಿಲ್‌ನಲ್ಲಿ. ಪ್ರತಿ ಸಾಲಿನ ಕೆಳಗೆ ಎರಡು ಗೆರೆ ಜಾಗ ಬಿಡಿ. ಯಾಕೆ ಅಂತ ಶಿರಾ ನೋಡಿದರೆ ಗೊತ್ತಾಗುತ್ತದೆ. 2018ರಲ್ಲಿ ಜೆಡಿಎಸ್‌ನ ಸತ್ಯನಾರಾಯಣ ಗೆದ್ದರು. ಅವರು ತೀರಿಕೊಂಡ ಮೇಲೆ 2020ರ ಉಪಚುನಾವಣೆಯಲ್ಲಿ ಬಿಜೆಪಿಯ ರಾಜೇಶ್ ಗೌಡ. 2023ರಲ್ಲಿ ಕಾಂಗ್ರೆಸ್‌ನ ಜಯಚಂದ್ರ. ಐದೇ ವರ್ಷದಲ್ಲಿ ಒಂದೇ ಕ್ಷೇತ್ರಕ್ಕೆ ಮೂರು ಪಕ್ಷ!

ಮೊದಲು ನಿಮ್ಮ ಜಿಲ್ಲೆ ಮುಗಿಸಿ. ಗೊತ್ತಿರುವ ಊರುಗಳಾದ್ದರಿಂದ ಬೇಗ ಕೈ ಕೂರುತ್ತದೆ. 2023ರಲ್ಲಿ ತುಮಕೂರು ನಗರ, ಗ್ರಾಮಾಂತರ ಬಿಜೆಪಿಗೆ. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಜೆಡಿಎಸ್‌ಗೆ. ಉಳಿದ ಏಳೂ ಕಾಂಗ್ರೆಸ್‌ಗೆ.

ಕೊನೆಯ ಕಲಮಿನಲ್ಲೇ ಎಲ್ಲರೂ ಎಡವುವುದು. ಅಲ್ಲಿ ಬರೆಯಬೇಕಾದ್ದು ಕಾನೂನು ಏನನ್ನುತ್ತದೋ ಅದು, ಟಿವಿಯವರು ಏನನ್ನುತ್ತಾರೋ ಅದಲ್ಲ. ಪಕ್ಷದಿಂದ ಉಚ್ಚಾಟನೆ ಆದರೆ ಶಾಸಕ ಸ್ಥಾನ ಹೋಗುವುದಿಲ್ಲ. 2025ರಲ್ಲಿ ಬಿಜೆಪಿ ಯತ್ನಾಳ್, ಎಸ್.ಟಿ. ಸೋಮಶೇಖರ್, ಶಿವರಾಮ್ ಹೆಬ್ಬಾರ್ ಮೂವರನ್ನೂ ಹೊರಗೆ ಹಾಕಿತು. ಅದರಿಂದ ಸ್ಥಾನ ಖಾಲಿಯಾಗಲಿಲ್ಲ. ಅಂಥವರ ಮುಂದೆ ‘ಉಚ್ಚಾಟಿತ’ ಅಂತ ಬರೆಯಿರಿ, ‘ಖಾಲಿ’ ಅಂತಲ್ಲ. ಪಕ್ಷೇತರರದು ಇನ್ನೊಂದು ತಮಾಷೆ. ಗೌರಿಬಿದನೂರಿನ ಪುಟ್ಟಸ್ವಾಮಿಗೌಡರು ಯಾರಿಗೆ ಬೇಕಾದರೂ ಬೆಂಬಲ ಕೊಡಬಹುದು, ಆದರೆ ಪಕ್ಷ ಸೇರಿದರೆ ಸಂವಿಧಾನದ ಹತ್ತನೇ ಅನುಸೂಚಿಯ (ಪಕ್ಷಾಂತರ ನಿಷೇಧ ಕಾನೂನು) ಪ್ರಕಾರ ಸ್ಥಾನ ಕಳೆದುಕೊಳ್ಳಬೇಕು. ಅದಕ್ಕೇ ಅವರ ಪಕ್ಷದ ಕಲಂ ‘ಪಕ್ಷೇತರ’ ಅಂತಲೇ ಇರಲಿ. ಯಾರ ಕಡೆ ಅನ್ನುವುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಗಂಗಾವತಿಯ ಜನಾರ್ದನ ರೆಡ್ಡಿ ಹಾಗಲ್ಲ. ಅವರು ಗೆದ್ದಿದ್ದು ಸ್ವಂತ ಪಕ್ಷದಿಂದ, 2024ರ ಮಾರ್ಚ್‌ನಲ್ಲಿ ಆ ಪಕ್ಷವನ್ನೇ ಬಿಜೆಪಿಯಲ್ಲಿ ವಿಲೀನ ಮಾಡಿದರು.

ಪುಸ್ತಕ ಸರಿಯಿದೆಯಾ ಅಂತ ನೋಡಲು ಒಂದು ಒಳ್ಳೆಯ ಪರೀಕ್ಷೆ 2024ರ ಫೆಬ್ರವರಿ 27ರ ರಾಜ್ಯಸಭಾ ಚುನಾವಣೆ. ಕಾಂಗ್ರೆಸ್‌ನ ಮೂವರಿಗೆ ಬಿದ್ದ ಮತ 47, 47, 45. ಒಟ್ಟು 139. ಇದು ಎಲ್ಲಿಂದ ಬಂತು? ಸುರಪುರದ ಶಾಸಕರು ಎರಡು ದಿನ ಮುಂಚೆಯಷ್ಟೇ ತೀರಿಕೊಂಡಿದ್ದರಿಂದ ಕಾಂಗ್ರೆಸ್ 134. ಜೊತೆಗೆ ಇತರರು ನಾಲ್ವರು. ಅಡ್ಡಮತ ಹಾಕಿದ ಸೋಮಶೇಖರ್ ಒಬ್ಬರು. ಆ ಕಡೆ ಬಿಜೆಪಿ ಅಭ್ಯರ್ಥಿಗೆ 47, ಜೆಡಿಎಸ್ ಅಭ್ಯರ್ಥಿಗೆ 36, ಒಟ್ಟು 83. ಸೋಮಶೇಖರ್, ಗೈರಾದ ಹೆಬ್ಬಾರ್ ಇಬ್ಬರನ್ನು ಕಳೆದರೆ ಬಿಜೆಪಿ 64, ಜೆಡಿಎಸ್ 19. ಸರಿ ಹೋಯಿತಲ್ವಾ? 139, 83, ಒಬ್ಬರು ಗೈರು, ಒಂದು ಖಾಲಿ: 224. ನಿಮ್ಮ ಪುಸ್ತಕದಿಂದ ಈ ಲೆಕ್ಕ ಬಂದರೆ ಪುಸ್ತಕ ಗಟ್ಟಿ.

ಅದೇ ವರ್ಷ ನವೆಂಬರ್‌ನ ಉಪಚುನಾವಣೆಯಲ್ಲಿ ಸಂಡೂರು, ಶಿಗ್ಗಾವಿ, ಚನ್ನಪಟ್ಟಣ ಮೂರನ್ನೂ ಕಾಂಗ್ರೆಸ್ ಗೆದ್ದಿತು. ಸಂಡೂರು ಮೊದಲೇ ಅವರದಾಗಿದ್ದರಿಂದ ಸೇರಿಸಬೇಕಾದ್ದು ಎರಡೇ. ಶಿಗ್ಗಾವಿಯದು ಬಿಜೆಪಿಯಿಂದ, ಚನ್ನಪಟ್ಟಣದ್ದು ಜೆಡಿಎಸ್‌ನಿಂದ ಕಳೆಯಿರಿ.

ಬಹುಮತ ಅಂದರೆ 113 ಅಂತ ಸುಮ್ನೆ ಬರೆದಿಡಬೇಡಿ. ಎಲ್ಲ ಸ್ಥಾನ ತುಂಬಿದ್ದಾಗ ಮಾತ್ರ ಅದು ಸರಿ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ ಬಿದ್ದಿದ್ದು 99ಕ್ಕೆ 105 ಮತದಿಂದ. ಆಮೇಲೆ ಸ್ಪೀಕರ್ ಆಗಿದ್ದ ರಮೇಶ್ ಕುಮಾರ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರದವರು, 17 ಶಾಸಕರನ್ನು ಅನರ್ಹ ಮಾಡಿದರು. ಚುನಾಯಿತರು 207ಕ್ಕೆ ಇಳಿದರು, 104 ಇದ್ದರೆ ಸಾಕಾಯಿತು. ಪುಟದ ಕೆಳಗೆ ‘ಖಾಲಿ’ ಎಷ್ಟು ಅಂತ ಬರೆಯಲು ಒಂದು ಚೌಕ ಇಟ್ಟುಕೊಳ್ಳಿ.

ಸ್ಪೀಕರ್‌ರನ್ನು ಗೆದ್ದ ಪಕ್ಷದಲ್ಲೇ ಎಣಿಸಿ. 135ರಲ್ಲಿ ಯು.ಟಿ. ಖಾದರ್ ಅವರೂ ಸೇರಿದ್ದಾರೆ. ಸದನದಲ್ಲಿ ಮತಕ್ಕೆ ಹಾಕಿದಾಗ ಮಾತ್ರ ಒಂದು ಕಳೆಯಿರಿ, ಸಮಬಲ ಬಂದರಷ್ಟೇ ಅವರು ಮತ ಹಾಕುವುದು. ರಾಜ್ಯಸಭಾ ಚುನಾವಣೆಯಲ್ಲಿ ಕಳೆಯಬೇಡಿ, ಅಲ್ಲಿ ಅವರಿಗೂ ಎಲ್ಲರಂತೆ ಒಂದು ಮತ ಇದೆ. ವಿಧಾನ ಪರಿಷತ್ತಿನ 75 ಜನರನ್ನು ಇದೇ ಪುಸ್ತಕಕ್ಕೆ ತುರುಕಬೇಡಿ. ಅವರ ಅವಧಿ ಆರು ವರ್ಷ, ಎಲ್ಲರೂ ಒಟ್ಟಿಗೆ ನಿವೃತ್ತರಾಗುವುದೂ ಇಲ್ಲ. ಅವರಿಗೆ ಬೇರೆ ನೋಟ್‌ಬುಕ್ ತಗೊಳ್ಳಿ, ತೆಳ್ಳಗಿನದು ಸಾಕು.