ಚೀಲದ ಲೆಕ್ಕದ ಕೂಲಿಗೂ ಕನಿಷ್ಠ ವೇತನವಿದೆ

ಕಲಬುರಗಿಯ ಬೇಳೆ ಗಿರಣಿಯೊಂದರಲ್ಲಿ ನಾವು ಹೆಂಗಸರು ಬೇಳೆ ಹಸನು ಮಾಡುತ್ತಿದ್ದೆವು. ಕೂಲಿ ಚೀಲದ ಮೇಲೆ. ಕರೆಂಟ್ ಹೋಗಿ ಯಂತ್ರ ನಿಂತರೆ ಅಷ್ಟು ಹೊತ್ತು ಬರಿಗೈ. ಕನಿಷ್ಠ ವೇತನದ ಮಾತು ತೆಗೆದರೆ ಮುಕಾದಮನ (ಮೇಸ್ತ್ರಿಯ) ಉತ್ತರ ಒಂದೇ: ‘ಅದು ದಿನಗೂಲಿಯವರಿಗೆ, ನಿಮ್ಮದು ಚೀಲದ ಲೆಕ್ಕ.’ ಇದನ್ನು ನಂಬಿದವರು ಇಂದಿಗೂ ಬಹಳ ಜನರಿದ್ದಾರೆ, ಹಾಗಾಗಿಯೇ ಬರೆಯುತ್ತಿದ್ದೇನೆ.

1948ರ ಕನಿಷ್ಠ ವೇತನ ಕಾಯ್ದೆಯ ಅನುಸೂಚಿಯಲ್ಲಿ ಅಕ್ಕಿ, ಹಿಟ್ಟು, ಬೇಳೆ ಗಿರಣಿಗಳ ಹೆಸರು ಸ್ಪಷ್ಟವಾಗಿಯೇ ಇತ್ತು. ಅದರ 17ನೇ ಕಲಮು ನಮಗೆ ಹೇಳಿ ಮಾಡಿಸಿದಂತಿತ್ತು: ಚೀಲಕ್ಕೆ ಇಷ್ಟೆಂದು ಸರ್ಕಾರ ಬೇರೆ ದರ ಗೊತ್ತು ಮಾಡದಿದ್ದರೆ, ಎಷ್ಟೇ ಚೀಲವಾಗಲಿ, ದಿನದ ಕನಿಷ್ಠ ದರಕ್ಕಿಂತ ಕಡಿಮೆ ಕೊಡುವಂತಿಲ್ಲ. 15ನೇ ಕಲಮಿನ ಪ್ರಕಾರ, ಮಾಲೀಕ ಕೆಲಸ ಒದಗಿಸದೆ ಹೊತ್ತು ಹೋದರೂ ದಿನದ ಪೂರ್ತಿ ಕೂಲಿ ಸಲ್ಲಬೇಕಿತ್ತು. ಈ ಎರಡನ್ನು ಓದಿದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ದರ ತಿಳಿಯುವುದು ಕಷ್ಟವಲ್ಲ. ಸರ್ಕಾರದ ಅಧಿಸೂಚನೆಯಲ್ಲಿ ತಿಂಗಳ ಮೂಲ ವೇತನವಿರುತ್ತದೆ, ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಪ್ರತಿ ಏಪ್ರಿಲ್ 1ರಿಂದ ತುಟ್ಟಿಭತ್ಯೆ ಬದಲಾಗುತ್ತದೆ. ಎರಡನ್ನೂ ಕೂಡಿಸಿ 26ರಿಂದ ಭಾಗಿಸಿದರೆ ದಿನದ ಕೂಲಿ ಸಿಗುತ್ತದೆ. 30ರಿಂದ ಭಾಗಿಸುವವರ ಮಾತು ಕೇಳಬೇಡಿ, ವಾರದ ರಜೆಯ ಹಣ ಅಲ್ಲಿಯೇ ಕರಗಿಹೋಗುತ್ತದೆ.

ಕಷ್ಟವಿದ್ದದ್ದು ಪುರಾವೆಯಲ್ಲಿ. ನಮ್ಮ ಬಳಿ ವೇತನ ಚೀಟಿ ಇರಲಿಲ್ಲ, ಗಿರಣಿಯ ವಹಿಯಲ್ಲಿ ಮಾತ್ರ ನಮ್ಮ ಹೆಬ್ಬೆಟ್ಟುಗಳಿದ್ದವು. ಅದಕ್ಕೆ ನಾವೇ ಒಂದು ನೋಟ್‌ಬುಕ್ ಇಟ್ಟೆವು. ಬಂದ ಹೊತ್ತು, ಬಿಟ್ಟ ಹೊತ್ತು, ಹಸನಾದ ಚೀಲ, ಯಂತ್ರ ನಿಂತ ಸಮಯ, ಕೈಗೆ ಬಂದ ಹಣ. ಅಂದಂದಿನದನ್ನು ಅಂದೇ ಬರೆದು, ಪಕ್ಕದವಳಿಂದ ಸಹಿ ಹಾಕಿಸಿಕೊಳ್ಳುತ್ತಿದ್ದೆವು. ಅಕ್ಷರ ಬಾರದವರ ಲೆಕ್ಕವನ್ನು ಅವರ ಶಾಲೆಗೆ ಹೋಗುವ ಮಕ್ಕಳು ಬರೆದರು.

ಕಾರ್ಮಿಕ ಇಲಾಖೆಯಲ್ಲಿ ಎಲ್ಲರ ಪರವಾಗಿ ಒಂದೇ ಅರ್ಜಿ ಕೊಟ್ಟೆವು. ವಿಚಾರಣೆಗೆ ಬಂದ ಗಿರಣಿಯ ವಹಿಯಲ್ಲಿ ಎಲ್ಲರಿಗೂ ಪೂರ್ತಿ ಕೂಲಿ, ಪೂರ್ತಿ ಹಾಜರಿ. ಶರಣಬಸವೇಶ್ವರ ಜಾತ್ರೆಯ ತೇರಿನ ದಿನ ಗಿರಣಿಗೆ ಬೀಗ ಬಿದ್ದಿತ್ತು. ವಹಿಯ ಪ್ರಕಾರ ನಾವು ಅಂದೂ ಎಂಟು ಗಂಟೆ ದುಡಿದಿದ್ದೆವು! ನಮ್ಮ ನೋಟ್‌ಬುಕ್‌ನಲ್ಲಿ ಆ ದಿನ ‘ಜಾತ್ರೆ, ರಜೆ’ ಎಂದಿತ್ತು. ಅಲ್ಲಿಂದ ಮುಂದೆ ಅಧಿಕಾರಿ ನಮ್ಮ ಲೆಕ್ಕವನ್ನೇ ಹಿಡಿದು ಪ್ರಶ್ನೆ ಕೇಳಿದರು. ವ್ಯತ್ಯಾಸದ ಹಣ ಬಂತು, ಆದರೆ ಆರು ತಿಂಗಳದು ಮಾತ್ರ. ಹಳೆಯ ಕಾಯ್ದೆಯಲ್ಲಿ ಅರ್ಜಿಗೆ ಅಷ್ಟೇ ಅವಧಿ. ಅದಕ್ಕೂ ಹಿಂದಿನ ವರ್ಷಗಳ ದುಡಿಮೆ ನಮ್ಮ ಕೈತಪ್ಪಿತು, ಅದನ್ನು ನಾನು ಮರೆಯಲಾರೆ.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಬದಲಿಗೆ ವೇತನ ಸಂಹಿತೆ ಜಾರಿಗೆ ಬಂದಿದೆ. ಅರ್ಜಿಗೆ ಈಗ ಮೂರು ವರ್ಷಗಳ ಅವಕಾಶವಿದೆ. ಕೂಲಿ ಕೊಟ್ಟಿದ್ದೇನೆಂದು ರುಜುವಾತುಪಡಿಸುವ ಹೊಣೆ ಮಾಲೀಕನ ಮೇಲಿದೆ. ಚೀಲದ ಲೆಕ್ಕಕ್ಕೂ ದಿನದ ದರವೇ ತಳ ಎಂಬ ನಿಯಮ ಅದರಲ್ಲಿಯೂ ಉಳಿದಿದೆ. ಕಡಿಮೆ ಕೂಲಿಗೆ ಒಪ್ಪಿದ್ದೇನೆಂದು ಯಾರಾದರೂ ಸಹಿ ಹಾಕಿಸಿಕೊಂಡಿದ್ದರೆ ಹೆದರಬೇಡಿ, ಆ ಒಪ್ಪಂದ ಅನೂರ್ಜಿತ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲಿಯೇ ಹೇಳಿದೆ.

ದರ ಗೊತ್ತು ಮಾಡುವಾಗಲೂ ನಮ್ಮ ಮಾತಿಗೆ ಜಾಗವಿದೆ, ಇದು ನನಗೆ ತಡವಾಗಿ ತಿಳಿಯಿತು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೊಸ ದರಗಳ ಕರಡು ಹೊರಡಿಸಿ ಆಕ್ಷೇಪಣೆ ಕರೆದಾಗ ನಾವೂ ಪತ್ರ ಬರೆದೆವು. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಪ್ಪಿದ ಅಳತೆ ಮುಂದಿಟ್ಟುಕೊಂಡೆವು: ಮೂರು ಬಳಕೆ ಘಟಕಗಳ ಕುಟುಂಬ (ದುಡಿಯುವವರು, ಸಂಗಾತಿ, ಇಬ್ಬರು ಮಕ್ಕಳು ಸೇರಿ ಮೂವರು ವಯಸ್ಕರ ಲೆಕ್ಕ), ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವಲ್ಲದೆ ಉರುವಲು ಮತ್ತು ಬೆಳಕಿನಂಥ ಖರ್ಚಿಗೆ ಶೇ 20. ಮಕ್ಕಳ ಓದು, ಔಷಧಿ ಮೊದಲಾದವಕ್ಕೆ ಶೇ 25 ಸೇರಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನೂ ಬರೆದೆವು. ಜೋಳ, ಬೇಳೆ, ಎಣ್ಣೆಯ ಬೆಲೆಗಳನ್ನು ನಮ್ಮ ಓಣಿಯ ಕಿರಾಣಿ ಚೀಟಿಗಳಿಂದಲೇ ತೆಗೆದುಕೊಂಡೆವು, ಚೀಟಿಗಳನ್ನು ಪತ್ರಕ್ಕೆ ಲಗತ್ತಿಸಿದೆವು.