ಸೈಲೆನ್ಸರ್ ನೋಡಿ ಇಂಜಿನ್ ಆರೋಗ್ಯ ತಿಳಿಯೋದು ಹೇಗೆ

ಡಿಸೆಂಬರ್‌ನ ಒಂದು ಬೆಳಗ್ಗೆ ಮಲ್ಲೇಶ್ವರದ ಮನೆ ಮುಂದೆ ಕಾರ್ ಸ್ಟಾರ್ಟ್ ಮಾಡಿದೆ. ಸೈಲೆನ್ಸರ್‌ನಿಂದ ಬಿಳಿ ಹೊಗೆ, ಕೆಳಗೆ ತೊಟ್ಟಿಕ್ಕುವ ನೀರು. ಗಾಬರಿಯಾಗಿ ಗ್ಯಾರೇಜಿಗೆ ಫೋನ್ ಮಾಡಿದರೆ "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಇಂಜಿನ್ ಬಿಚ್ಚಬೇಕು" ಅಂದರು. ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್‌ನ ಮೇಲಿನ, ಕೆಳಗಿನ ಭಾಗಗಳ ನಡುವಿನ ಸೀಲ್; ಅದು ಹೋದರೆ ಇಂಜಿನ್ ತಣ್ಣಗಿಡುವ ಕೂಲೆಂಟ್ ಒಳಗೆ ಸೋರಬಹುದು. ಬಿಚ್ಚಿಸಲಿಲ್ಲ. ಯಶವಂತಪುರದವರೆಗೆ ಓಡಿಸಿ ಇಳಿದು ನೋಡಿದರೆ ಹೊಗೆಯೂ ಇಲ್ಲ, ನೀರೂ ಇಲ್ಲ. ಇಂಜಿನ್ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಗೊತ್ತಿದ್ದರೆ ಇಂಥ ಖರ್ಚು ನಿಮಗೂ ತಪ್ಪುತ್ತದೆ.

ಪೆಟ್ರೋಲ್ ಅಂದರೆ ಮುಖ್ಯವಾಗಿ ಕಾರ್ಬನ್ ಮತ್ತು ಹೈಡ್ರೋಜನ್. ಉರಿದಾಗ ಕಾರ್ಬನ್ ಹೋಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಹೈಡ್ರೋಜನ್ ನೀರಾವಿ ಆಗುತ್ತದೆ. 1 ಲೀಟರ್ ಪೆಟ್ರೋಲ್ ತೂಗಿದರೆ ಮುಕ್ಕಾಲು ಕೆಜಿ ಇರಬಹುದು, ಆದರೆ ಅದರಿಂದ ಹೊರಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 2.3 ಕೆಜಿ, ಜೊತೆಗೆ ಹತ್ತಿರ ಹತ್ತಿರ 1 ಲೀಟರ್ ನೀರು! ಇಷ್ಟು ತೂಕ ಎಲ್ಲಿಂದ ಬಂತು ಅಂದರೆ ಗಾಳಿಯಿಂದ. 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯೋಕೆ 14.7 ಕೆಜಿ ಗಾಳಿ ಬೇಕು. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಸ್ವಲ್ಪ ಕಡಿಮೆ ಸಾಕು.

ಸಿಲಿಂಡರ್ ಅನ್ನೋ ಕೊಳವೆಯೊಳಗೆ ಪಿಸ್ಟನ್ ಕೆಳಗಿಳಿದು ಗಾಳಿ, ಪೆಟ್ರೋಲ್ ಎಳೆದುಕೊಳ್ಳುತ್ತದೆ. ಮೇಲೆ ಬಂದು ಒತ್ತುತ್ತದೆ. ಪ್ಲಗ್ ಕಿಡಿ ಹಾರಿಸುತ್ತದೆ, ಉರಿದು ಹಿಗ್ಗಿದ ಗಾಳಿ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ, ಅದು ಮತ್ತೆ ಮೇಲೆ ಬರುವಾಗ ಹೊಗೆ ಆಚೆ ಹೋಗುತ್ತದೆ. 3000 ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತುವಾಗ, ಒಂದೊಂದು ಸಿಲಿಂಡರಿನಲ್ಲೂ ಇದು ಎರಡು ಸುತ್ತಿಗೆ ಒಂದರಂತೆ ಸೆಕೆಂಡಿಗೆ 25 ಸಲ ನಡೆಯುತ್ತದೆ. ಇಷ್ಟು ಅವಸರದಲ್ಲಿ ಎಲ್ಲವೂ ಸರಿಯಾಗಿ ಉರಿಯಲ್ಲ, ಅಲ್ವಾ? ಅರ್ಧ ಉರಿದದ್ದು ಕಾರ್ಬನ್ ಮೊನಾಕ್ಸೈಡ್, ಉರಿಯದೆ ಉಳಿದದ್ದು ಹೈಡ್ರೋಕಾರ್ಬನ್, ವಿಪರೀತ ಬಿಸಿಗೆ ಗಾಳಿಯ ನೈಟ್ರೋಜನ್ನೇ ಆಕ್ಸಿಜನ್ ಜೊತೆ ಸೇರಿದರೆ ನೈಟ್ರೋಜನ್ ಆಕ್ಸೈಡ್. ಈ ಮೂರೂ ಸೇರಿ ಒಟ್ಟು ಹೊಗೆಯಲ್ಲಿ ಶೇ 1ರ ಆಸುಪಾಸು. ಉಳಿದದ್ದರಲ್ಲಿ ದೊಡ್ಡ ಪಾಲು, ಶೇ 70ರಷ್ಟು, ಸುಮ್ನೆ ಒಳಗೆ ಹೋಗಿ ಹೊರಗೆ ಬರುವ ನೈಟ್ರೋಜನ್.

ಆ ಶೇ 1ನ್ನು ತೊಳೆಯೋಕೆ ಅಂತಲೇ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಆದರೆ ಅದು ಸುಮಾರು 300 ಡಿಗ್ರಿ ಬಿಸಿಯಾಗುವ ತನಕ ಸರಿಯಾಗಿ ಕೆಲಸ ಮಾಡಲ್ಲ. ತಣ್ಣಗಿನ ಇಂಜಿನ್‌ಗೆ ಪೆಟ್ರೋಲ್ ಕೂಡ ಜಾಸ್ತಿ ಹೋಗುತ್ತದೆ. ಅಂದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷವೇ ಅತಿ ಕೆಟ್ಟ ಹೊಗೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಇಂಜಿನ್ ಆನ್ ಮಾಡಿಟ್ಟು ಮಕ್ಕಳು ಬರಲಿ ಅಂತ ಕಾಯುವವರನ್ನು ದಿನಾ ನೋಡುತ್ತೇನೆ. ದಯವಿಟ್ಟು ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದಲ್ಲಿ ಆಕ್ಸಿಜನ್ ಜಾಗಕ್ಕೆ ಹೋಗಿ ಕೂರುತ್ತದೆ. ಎಲ್ಲರೂ ಹತ್ತಿದ ಮೇಲೆ ಸ್ಟಾರ್ಟ್ ಮಾಡಿ, ಮಾಡಿದ ತಕ್ಷಣ ಹೊರಡಿ.

ಈಗ ನೋಡುವ ಕ್ರಮ. ಬಯಲಲ್ಲಿ ನಿಲ್ಲಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಸ್ಟಾರ್ಟ್ ಮಾಡಿ ಪಕ್ಕದಿಂದ ನೋಡಿ. ತೆಳು ಬಿಳಿ ಹೊಗೆ, ನೀರ ಹನಿ ಬಂದರೆ ಚಿಂತೆ ಇಲ್ಲ, ಅದು ಪೆಟ್ರೋಲ್ ಉರಿದು ಬಂದ ನೀರಾವಿಯೇ, ಸೈಲೆನ್ಸರ್ ಬಿಸಿಯಾದಾಗ ಹೋಗುತ್ತದೆ. 15 ನಿಮಿಷ ಓಡಿಸಿ ಬಂದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ, ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ, ಆಗ ಹೆಡ್ ಗ್ಯಾಸ್ಕೆಟ್ ಮಾತು ಬರುತ್ತದೆ. ಆಮೇಲೆ ಯಾರನ್ನಾದರೂ ಆಕ್ಸಿಲರೇಟರ್ ಒತ್ತೋಕೆ ಹೇಳಿ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ: ಆಯಿಲ್ ಒಳಗೆ ಬರದಂತೆ ತಡೆಯುವ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಹಳೇ ಕಾರ್ಬುರೇಟರ್ (ಕಂಪ್ಯೂಟರ್ ಇಲ್ಲದೆ ಗಾಳಿ, ಪೆಟ್ರೋಲ್ ಬೆರೆಸುವ ಸಾಧನ) ಕಾರ್ ಇಲ್ಲಿಗೆ ತಂದರೂ ಸ್ವಲ್ಪ ಹೀಗಾಗುತ್ತದೆ, ಏಕೆಂದರೆ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ತೆಳು. ಈಗಿನ ಕಾರುಗಳಲ್ಲಿ ಕಂಪ್ಯೂಟರ್ರೇ ಇದನ್ನು ಸರಿಮಾಡಿಕೊಳ್ಳುತ್ತದೆ.

ಎಮಿಷನ್ ಟೆಸ್ಟಿಗೂ ಇದೇ ಪಾಠ. ಒಂದು ಸಲ ಮನೆಯಿಂದ ಎರಡು ಬೀದಿ ಆಚೆಯ ಬಂಕ್‌ಗೆ ನೇರವಾಗಿ ಹೋದೆ. ಹುಡುಗ ಸೈಲೆನ್ಸರ್ ಒಳಗೆ ಪೈಪ್ ತೂರಿಸಿದ, ಪರದೆ ಮೇಲೆ ಕಾರ್ಬನ್ ಮೊನಾಕ್ಸೈಡ್ 0.5 ಅಂತ ಬಂತು. ಬಿಎಸ್ 4 (ಭಾರತ್ ಸ್ಟೇಜ್ 4 ಹೊಗೆ ನಿಯಮ) ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಮಿತಿ ಶೇ 0.3. ಅರ್ಧ ಗಂಟೆ ಓಡಿಸಿ ಮತ್ತೆ ಹೋದಾಗ 0.1ಕ್ಕೆ ಇಳಿದಿತ್ತು, ಅದೇ ಕಾರು, ಅದೇ ಪೆಟ್ರೋಲು. ಹಾಗಾಗಿ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೇ ಹೋಗಿ.

ಆಗಲೂ ಫೇಲ್ ಆದರೆ ಕಡಿಮೆ ಖರ್ಚಿನದ್ದರಿಂದ ಶುರು ಮಾಡಿ. ಮೊದಲು ಏರ್ ಫಿಲ್ಟರ್: ನಮ್ಮ ಊರಿನ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಆಮೇಲೆ ಪ್ಲಗ್ ಬಿಚ್ಚಿಸಿ ಕೈಯಲ್ಲಿ ಹಿಡಿದು ತುದಿ ನೋಡಿ. ತಿಳಿ ಕಂದು ಇದ್ದರೆ ಸರಿ. ಒಣ ಕಪ್ಪು ಮಸಿ ಬೆರಳಿಗೆ ಅಂಟಿದರೆ ಪೆಟ್ರೋಲ್ ಜಾಸ್ತಿ, ಒದ್ದೆ ಜಿಡ್ಡಿದ್ದರೆ ಆಯಿಲ್, ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ ಹೋಗಿ ಬಿಸಿ ಜಾಸ್ತಿಯಾಗಿದೆ. ಮೂರನೆಯದು ಆಕ್ಸಿಜನ್ ಸೆನ್ಸರ್: ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಕಂಪ್ಯೂಟರಿಗೆ ತಿಳಿಸುವುದು ಅದು. ಇವೆಲ್ಲ ನೋಡುವ ಮೊದಲೇ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸೋಣ ಅಂದರೆ ಒಪ್ಪಬೇಡಿ.